ಕಾಫಿ ತೋಟಕ್ಕೆ ಸಲಹೆ ಕೊಡುವವನು ಒಂದೇ ವಿಷಯ ಹಿಡಿಯಬೇಕಾ, ಎಲ್ಲವನ್ನೂ ನೋಡಬೇಕಾ?

ಮಾದಾಪುರದವನು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ. ಹೂ ಮಳೆ, ಅಂದರೆ ಕಾಫಿ ಹೂ ಅರಳಿಸುವ ಬೇಸಿಗೆ ಮಳೆ, ಬೀಳುವುದರೊಳಗೆ ನಾನೊಂದು ತೀರ್ಮಾನ ಮಾಡಬೇಕು.

ನನಗೆ 36 ವರ್ಷ. ಬಿಎಸ್ಸಿ ಅಗ್ರಿ ಮುಗಿಸಿ ಒಂದು ಕಂಪನಿ ತೋಟದಲ್ಲಿ ಏಳು ವರ್ಷ ಅಸಿಸ್ಟೆಂಟ್ ಮ್ಯಾನೇಜರ್ ಆಗಿದ್ದೆ. ಆರು ವರ್ಷದಿಂದ ಸ್ವಂತವಾಗಿ ತೋಟಗಳಿಗೆ ಸಲಹೆ ಕೊಡುತ್ತಿದ್ದೇನೆ. ಕೊಡಗಿನ ಸೋಮವಾರಪೇಟೆ, ಮಾದಾಪುರ, ಸುಂಟಿಕೊಪ್ಪ ಕಡೆ ನನ್ನನ್ನು ಕರೆಯುವುದು ಒಂದೇ ಕಾರಣಕ್ಕೆ, ಅರೇಬಿಕಾ ಕಾಫಿಯ ಬಿಳಿ ಕಾಂಡ ಕೊರಕ ಹುಳ, ಅಂದರೆ ಬೋರರ್. ಎಷ್ಟೋ ಜನ ಫೋನಿನಲ್ಲಿ ನನ್ನ ನಂಬರನ್ನು 'ಬೋರರ್ ನೋಡೋರು' ಅಂತಲೇ ಹಾಕಿಕೊಂಡಿದ್ದಾರೆ.

ಈ ಕೆಲಸ ನನಗೆ ತುಂಬಾ ಇಷ್ಟ. ಗಿಡದ ಬುಡದಲ್ಲಿ ಕೂತು ಕಾಂಡದ ಮೇಲೆ ಬೆರಳು ಆಡಿಸಿದರೆ ತೊಗಟೆಯ ಕೆಳಗೆ ದಾರ ಸುತ್ತಿದ ಹಾಗೆ ಉಬ್ಬು ಸಿಗುತ್ತದೆ. ಮೇಲೆ ಎಲೆ ಇನ್ನೂ ಹಸಿರಾಗಿಯೇ ಇರುತ್ತದೆ, ಹಾಗಾಗಿ ಮಾಲೀಕರಿಗೆ ನಂಬಿಕೆ ಬರುವುದಿಲ್ಲ. ಗಿಡ ಕಿತ್ತು, ಕಾಂಡ ಸೀಳಿ ತೋರಿಸಬೇಕು. ಒಳಗೆ ಗಟ್ಟಿಯಾಗಿ ತುಂಬಿದ ಮರದ ಹಿಟ್ಟು, ಆ ಹಿಟ್ಟಿನ ಕೊನೆಯಲ್ಲಿ ಹುಳ. ಬೆಳೆದ ಹುಳ ದುಂಬಿಯಾಗಿ ಹೊರಬಂದು ಹಾರುವ ಕಾಲ ವರ್ಷಕ್ಕೆ ಎರಡು. ಏಪ್ರಿಲ್-ಮೇಯಲ್ಲಿ ಒಮ್ಮೆ, ಅಕ್ಟೋಬರ್‌ನಿಂದ ಡಿಸೆಂಬರ್ ತನಕ ಇನ್ನೊಮ್ಮೆ. ಅದಕ್ಕೆ ಮೊದಲೇ ಟ್ರೇಸಿಂಗ್, ಅಂದರೆ ಗಿಡ ಗಿಡ ನೋಡಿ ಹುಳ ಬಿದ್ದದ್ದನ್ನು ಗುರುತಿಸುವುದು, ಮುಗಿಸಿ, ಹುಳ ಬಿದ್ದ ಗಿಡ ಕಿತ್ತು ಸುಟ್ಟಿರಬೇಕು. ಒಂದು ವಾರ ತಡವಾದರೂ ಆ ವರ್ಷದ ಖರ್ಚೆಲ್ಲ ನೀರಿಗೆ ಹಾಕಿದ ಹಾಗೆ. ಇಷ್ಟನ್ನು ಆಳುಗಳಿಗೆ ಕಲಿಸಿ, ಬ್ಲಾಕ್ ಬ್ಲಾಕ್ ಲೆಕ್ಕ ಇಟ್ಟು, ಮುಂದಿನ ವರ್ಷ ಆ ಸಂಖ್ಯೆ ಇಳಿದದ್ದನ್ನು ನೋಡುವಾಗ ಸಿಗುವ ಸಮಾಧಾನ ನನಗೆ ಬೇರೆ ಯಾವುದರಲ್ಲೂ ಸಿಕ್ಕಿಲ್ಲ.

ಈಗ ಸಮಸ್ಯೆ ಏನಂದರೆ, ಅರೇಬಿಕಾವೇ ಕಡಿಮೆ ಆಗುತ್ತಿದೆ. 2024ರಲ್ಲಿ ಕಾಫಿಯ ಇನ್ನೊಂದು ಜಾತಿ ರೊಬಸ್ಟಾದ ಚೆರ್ರಿ, ಅಂದರೆ ಒಣಗಿಸಿದ ಹಣ್ಣು, 50 ಕೆಜಿ ಮೂಟೆಗೆ 10,000 ರೂಪಾಯಿ ದಾಟಿತಲ್ಲ, ಆಮೇಲೆ ನನ್ನ 14 ತೋಟಗಳಲ್ಲಿ ನಾಲ್ಕು ಅರೇಬಿಕಾ ಪೂರ್ತಿ ತೆಗೆದು ಸಿ×ಆರ್ ಎಂಬ ರೊಬಸ್ಟಾ ತಳಿ ಹಾಕಿದವು. ಇನ್ನೆರಡರಲ್ಲಿ ಅರ್ಧ ಹೋಗಿದೆ. ರೊಬಸ್ಟಾಗೆ ಈ ಹುಳದ ಕಾಟ ಇಲ್ಲ. ಅಂದ ಮೇಲೆ ಅಲ್ಲಿ ನನಗೇನು ಕೆಲಸ?

ಉಳಿದವರು ಕೇಳುವುದೂ ಬೇರೆ ಬೇರೆ. ಮೆಣಸು ಯಾಕೆ ಸೊರಗುತ್ತಿದೆ, ಸ್ಪ್ರಿಂಕ್ಲರ್‌ಗೆ ಎಷ್ಟು ಎಚ್‌ಪಿ ಮೋಟಾರ್ ಬೇಕು, ಬೆಣ್ಣೆಹಣ್ಣು ಹಾಕಿದರೆ ಹೇಗೆ, ಯುರೋಪಿಗೆ ಹೋಗುವ ಕಾಫಿಗೆ ತೋಟದ ಮ್ಯಾಪ್ ಮಾಡಿಸಬೇಕಂತೆ, ಅದನ್ನು ಯಾರು ಮಾಡುತ್ತಾರೆ. ನನ್ನ ಜೊತೆ ಓದಿದ ಗೆಳೆಯ ಹೇಳುತ್ತಾನೆ, "ಎಕರೆಗೆ ಇಷ್ಟು ಅಂತ ವರ್ಷದ ಪ್ಯಾಕೇಜ್ ಮಾಡು, ಎಲ್ಲ ನೋಡಿಕೊಳ್ತೀನಿ ಅನ್ನು." ಅಪ್ಪ ಹೇಳುವುದು, "ನಿನ್ನನ್ನು ಕರೆಯುವುದೇ ಆ ಒಂದು ಹುಳಕ್ಕೆ. ಅದನ್ನು ಬಿಟ್ಟರೆ ನೀನೂ ಹತ್ತರಲ್ಲಿ ಒಬ್ಬ."

ಇನ್ನೊಂದು ವಿಷಯ ಹೇಳದೆ ಈ ಪ್ರಶ್ನೆ ಪೂರ್ತಿ ಆಗುವುದಿಲ್ಲ. ಮೂರು ವರ್ಷದ ಹಿಂದೆ ಒಂದು ತೋಟದಲ್ಲಿ ಬೋರರ್ ಜಾಸ್ತಿ ಇತ್ತು. ಬಿಸಿಲು ಬಿದ್ದಲ್ಲಿ ಈ ಹುಳ ಜಾಸ್ತಿ. ಅದಕ್ಕೆ ಆ ವರ್ಷ ನೆರಳು ಮರಗಳ ಕಪಾತು ಮಾಡಿಸಬೇಡಿ, ಕೊಂಬೆ ಕಡಿಸಬೇಡಿ ಎಂದೆ. ಅವರು ಮಾಡಿಸಲಿಲ್ಲ. ಬೋರರ್ ಇಳಿಯಿತು. ಆದರೆ ಆ ಮಳೆಗಾಲ ಜುಲೈ ಪೂರ್ತಿ ಬಿಡದೆ ಸುರಿಯಿತು. ನೆರಳು ದಟ್ಟವಾಗಿ, ಒಳಗೆ ಗಾಳಿ ಆಡದೆ, ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ್ದ ಮೆಣಸಿಗೆ ಸೊರಗು ರೋಗ ಬಂತು. ಆಗಸ್ಟ್ ಕೊನೆಗೆ 160 ಬಳ್ಳಿ ಹೋದವು. ಜೂನ್ ಕೊನೆಯಲ್ಲಿ ನಾನು ಆ ಬ್ಲಾಕಿಗೆ ಹೋಗಿದ್ದೆ. ಬುಡದ ಹಂಬುಗಳ ಎಳೆ ಎಲೆಯಲ್ಲಿ ಕಪ್ಪು ಚುಕ್ಕೆ ಇದ್ದದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಮೆಣಸು ನನ್ನ ವಿಷಯ ಅಲ್ಲ ಎಂದು ಮುಂದೆ ಹೋಗಿದ್ದೆ. ಮಾಲೀಕರು ಜೋರು ಮಾಡಲಿಲ್ಲ. ಒಂದೇ ಮಾತು ಹೇಳಿದರು, "ಆ ಬಳ್ಳಿ ಪಕ್ಕದಲ್ಲೇ ಕೂತು ಗಿಡ ನೋಡ್ತಾ ಇದ್ರಲ್ಲ."

ಅವರು ಈಗಲೂ ನನ್ನನ್ನು ಬೋರರ್‌ಗೆ ಕರೆಯುತ್ತಾರೆ. ಆ ಬ್ಲಾಕಿನಲ್ಲಿ ನಡೆಯುವಾಗ ಇಬ್ಬರೂ ಮಾತಾಡುವುದಿಲ್ಲ.

ಇದರಲ್ಲಿ ಅನುಭವ ಇರುವವರು ಹೇಳಿ. ಹುಳದಲ್ಲೇ ಇನ್ನೂ ಆಳಕ್ಕೆ ಹೋಗಲಾ, ಇಲ್ಲ ಎಲ್ಲ ಕಲಿತು ಇಡೀ ತೋಟ ಹಿಡಿಯಲಾ?

---

ಪಾಲಿಬೆಟ್ಟ ಹಳಬ

ತಮ್ಮಾ, ಪೂರ್ತಿ ಓದಿದೆ. ನಾನು ಈ ಕೆಲಸಕ್ಕೆ ಇಳಿದು 27 ವರ್ಷ. ಅದಕ್ಕೆ ಮೊದಲು ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದೆ.

ನನ್ನದೊಂದು ಕಥೆ ಹೇಳುತ್ತೇನೆ. 2003ರ ಹೊತ್ತಿಗೆ ವೆನಿಲ್ಲಾ ಬೆಲೆ ಹೇಗೆ ಏರಿತ್ತು ಎಂದು ನಿನ್ನ ಅಪ್ಪನಿಗೆ ನೆನಪಿರುತ್ತದೆ. ಹಸಿ ಕೋಡಿಗೇ ಕೆಜಿಗೆ ಸಾವಿರಗಟ್ಟಲೆ. ಬಳ್ಳಿ ತುಂಡುಗಳನ್ನು ರಾತ್ರಿ ಕೂತು ಕಾಯುತ್ತಿದ್ದರು. ನಾನು ಆಗ ಉಳಿದದ್ದೆಲ್ಲ ಬಿಟ್ಟು ವೆನಿಲ್ಲಾ ಹಿಡಿದೆ. ಅದರ ಹೂವು ಅರಳಿದ ದಿನವೇ, ಬೆಳಿಗ್ಗೆಯೇ ಕೈಯಿಂದ ಪರಾಗ ಮುಟ್ಟಿಸಬೇಕು. ಮಧ್ಯಾಹ್ನ ಆದರೆ ಹೂವು ಬಾಡಿತು, ಕೋಡು ಇಲ್ಲ. ಸಣ್ಣ ಕಡ್ಡಿಯಿಂದ ಹೂವಿನ ಒಳಗಿನ ಪೊರೆ ಎತ್ತಿ, ಹೆಬ್ಬೆರಳಿನಿಂದ ಒತ್ತುವುದನ್ನು ನೂರಾರು ಹೆಂಗಸರಿಗೆ ನಾನೇ ಕಲಿಸಿದೆ. ವಿರಾಜಪೇಟೆಯಿಂದ ಶನಿವಾರಸಂತೆ ತನಕ ಜೀಪು ಕಳಿಸಿ ಕರೆಸಿಕೊಳ್ಳುತ್ತಿದ್ದರು.

2005 ಬರುವಷ್ಟರಲ್ಲಿ ಬೆಲೆ ಬಿತ್ತು. ಬಿತ್ತು ಅಂದರೆ ಕೇಳುವವರೇ ಇಲ್ಲ. ಬಳ್ಳಿ ಕಿತ್ತು ಗೊಬ್ಬರದ ಗುಂಡಿಗೆ ಹಾಕಿದರು. ನನ್ನ ಫೋನ್ ಎರಡು ವರ್ಷ ಹೆಚ್ಚು ಕಡಿಮೆ ಸುಮ್ಮನೆ ಇತ್ತು. ಮಗಳ ಕಾಲೇಜು ಫೀಸು ಕಟ್ಟಲು ಅಣ್ಣನ ಹತ್ತಿರ ಕೇಳಬೇಕಾಯಿತು. ನನಗೆ ಆ ಬೆಳೆ ಗೊತ್ತಿತ್ತು, ಬೆಳೆ ಹೋದ ಮೇಲೆ ನನ್ನ ಕೈಯಲ್ಲಿ ಏನೂ ಉಳಿಯಲಿಲ್ಲ.

ಈಗ ನಿನ್ನ ವಿಷಯ. ನಿನ್ನ ವಿದ್ಯೆ ಅರೇಬಿಕಾದ ಜೊತೆ ಹೋಗುತ್ತದೆ ಎಂದು ನೀನು ಹೆದರಿದ್ದೀಯ. ನನಗೆ ಹಾಗೆ ಕಾಣುವುದಿಲ್ಲ. ಬ್ಲಾಕ್ ಬ್ಲಾಕ್ ನಡೆದು, ಗಿಡ ಮುಟ್ಟಿ, ಎಷ್ಟು ಗಿಡಕ್ಕೆ ಎಷ್ಟು ಹುಳ ಎಂದು ಬರೆದಿಡುವವರು ಕೊಡಗಿನಲ್ಲಿ ಎಷ್ಟು ಜನ ಇದ್ದಾರೆ ಹೇಳು. ಗೇಟಿನ ಹತ್ತಿರ ನಾಲ್ಕು ಗಿಡ ನೋಡಿ ಔಷಧಿ ಹೆಸರು ಬರೆದುಕೊಟ್ಟು ಹೋಗುವವರೇ ಜಾಸ್ತಿ. ರೊಬಸ್ಟಾದಲ್ಲಿ ಹುಳ ಇಲ್ವಾ? ಕಾಯಿ ಕೊರಕ ಇದೆ. ಎಳೆ ಕೊಂಬೆಗೆ ಶಾಟ್ ಹೋಲ್ ಬೋರರ್ ಇದೆ. ಹಿಟ್ಟು ತಿಗಣೆ ಇದೆ. ಎಲ್ಲಕ್ಕೂ ಬೇಕಾದದ್ದು ನೀನು ಈಗ ಮಾಡುತ್ತಿರುವ ಅದೇ ಕೆಲಸ.

ಕಾಯಿ ಕೊರಕ ನಮ್ಮ ದೇಶದಲ್ಲಿ ಮೊದಲು ಕಂಡದ್ದು 1990ರಲ್ಲಿ, ಗೂಡಲೂರು ಕಡೆ. ಆಮೇಲೆ ವಯನಾಡು, ಕೊಡಗು. ಆಗ ಇಲ್ಲಿ ಯಾರಿಗೂ ಅದರ ಅನುಭವ ಇರಲಿಲ್ಲ. ಕಾಯಿಯ ತುದಿಯಲ್ಲಿ ಸೂಜಿ ಚುಚ್ಚಿದಷ್ಟು ಸಣ್ಣ ತೂತು, ಅಷ್ಟೇ. ನಮ್ಮ ಹಳೇ ಮ್ಯಾನೇಜರ್ ಒಬ್ಬರು ಎಲೆ ತುಕ್ಕು ರೋಗದ ವಿಷಯದಲ್ಲಿ ದೊಡ್ಡ ಹೆಸರು. ಇದು ನನ್ನದಲ್ಲ ಎನ್ನಲಿಲ್ಲ ಅವರು. ತಾವೇ ಕಣಕ್ಕೆ ಬಂದು, ಕಾಯಿ ಒಂದೊಂದೇ ಬಿಡಿಸಿ ನೋಡಿ, ನೂರರಲ್ಲಿ ಎಷ್ಟು ಎಂದು ಬರೆಯಲು ಶುರು ಮಾಡಿದರು. ಉದುರಿದ ಕಾಯಿ ಹೆಕ್ಕಿಸುವುದು, ಹುಳ ಬಿದ್ದ ಕಾಯಿ ಕುದಿಯುವ ನೀರಿಗೆ ಅದ್ದಿಸುವುದು, ಗಿಡದಲ್ಲಿ ಒಂದು ಕಾಯಿಯೂ ಬಿಡದ ಹಾಗೆ ಕೊಯ್ಲು ಮಾಡಿಸುವುದು, ಎಲ್ಲ ಕಲಿತೆವು. ನನಗೆ ಲೆಕ್ಕ ಕಲಿಸಿದವರು ಅವರೇ. ವೆನಿಲ್ಲಾ ಗುಂಗಿನಲ್ಲಿ ನಾನು ಅದನ್ನು ಮರೆತಿದ್ದೆ.

ಇನ್ನು ಅರೇಬಿಕಾ ಇಟ್ಟುಕೊಂಡವರು ನಿನ್ನ ಹತ್ತು ತೋಟದಲ್ಲಿ ಇದ್ದಾರಲ್ಲ, ಅವರನ್ನು ಹಗುರವಾಗಿ ನೋಡಬೇಡ. ರೊಬಸ್ಟಾಗೆ ಅಂಥ ಬೆಲೆ ಬಂದಾಗಲೂ ಅರೇಬಿಕಾ ಬಿಡದವರು ಮನಸ್ಸಿಟ್ಟು ಮಾಡುವವರು. ಟ್ರೇಸಿಂಗ್ ಗೊತ್ತಿರುವ ಆಳು ಕಡಿಮೆ ಆದಷ್ಟೂ ನಿನ್ನ ಅಗತ್ಯ ಅವರಿಗೆ ಜಾಸ್ತಿಯೇ ಆಗುತ್ತದೆ. ಫೀಸು ಕೇಳಲು ಹಿಂಜರಿಯಬೇಡ.

---

ಕುಶಾಲನಗರ ಮ್ಯಾಪಿಂಗ್

ಹಳಬ ಅಣ್ಣ ಹೇಳಿದ್ದು ಒಪ್ಪುತ್ತೇನೆ. ಒಂದು ಮಾತು ಸೇರಿಸಬೇಕು. ಎಲ್ಲದಕ್ಕೂ ಸ್ವಲ್ಪ ಸ್ವಲ್ಪ ಸಲಹೆ ಕೊಡುವವರು ಕೊಡಗಿನಲ್ಲಿ ಪುಕ್ಕಟೆಯಾಗಿಯೇ ಸಿಗುತ್ತಾರೆ. ಕಾಫಿ ಬೋರ್ಡಿನವರು ಇದ್ದಾರೆ, ಚೆಟ್ಟಳ್ಳಿಯಲ್ಲಿ ಅವರ ಸಂಶೋಧನಾ ಉಪಕೇಂದ್ರ ಇದೆ. ಹಣ್ಣಿನ ಗಿಡಕ್ಕೆ ಅದೇ ಚೆಟ್ಟಳ್ಳಿಯಲ್ಲಿ ತೋಟಗಾರಿಕೆ ಪ್ರಯೋಗ ಕೇಂದ್ರ. ಮೆಣಸು, ಏಲಕ್ಕಿಗೆ ಅಪ್ಪಂಗಳದ ಸಂಬಾರ ಬೆಳೆ ಸಂಶೋಧನಾ ಕೇಂದ್ರ. ಗೋಣಿಕೊಪ್ಪದಲ್ಲಿ ಕೃಷಿ ವಿಜ್ಞಾನ ಕೇಂದ್ರ. ಇಷ್ಟೆಲ್ಲ ಇರುವಾಗ ಎಲ್ಲವನ್ನೂ ಮೇಲೆ ಮೇಲೆ ಹೇಳುವವರನ್ನು ಬೆಳೆಗಾರರು ದುಡ್ಡು ಕೊಟ್ಟು ಯಾಕೆ ಕರೆಯುತ್ತಾರೆ? ಅವರಿಗೆ ಸಿಗದೆ ಇರುವುದನ್ನು ಕೊಟ್ಟರೆ ಮಾತ್ರ ಕರೆಯುತ್ತಾರೆ.

ನಾನು ಮಾಡುವುದು ತೋಟದ ಗಡಿ ಅಳತೆ, ಜಿಪಿಎಸ್ ಮ್ಯಾಪ್. ಯುರೋಪಿನ ಹೊಸ ಕಾನೂನಿನ ಪ್ರಕಾರ 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿ ಅಲ್ಲಿಗೆ ಹೋಗುವಂತಿಲ್ಲ. ನಾಲ್ಕು ಹೆಕ್ಟೇರ್‌ಗಿಂತ ಜಾಸ್ತಿ ಇದ್ದರೆ ಒಂದು ಬಿಂದು ಸಾಲದು, ಗಡಿ ಪೂರ್ತಿ ಬರೆದುಕೊಡಬೇಕು. ಜಾರಿ ದಿನಾಂಕ ಮುಂದಕ್ಕೆ ಹೋಗುತ್ತಲೇ ಇದ್ದರೂ ಕೊಳ್ಳುವವರು ಈಗಲೇ ಕೇಳುತ್ತಿದ್ದಾರೆ. ಮ್ಯಾಪ್ ಮಾಡುವಾಗ ಗೊಬ್ಬರ ಎಷ್ಟು ಹಾಕಲಿ ಎಂದು ನನ್ನನ್ನೂ ಕೇಳುತ್ತಾರೆ. ನಾನು ಹೇಳುವುದಿಲ್ಲ. ಮಣ್ಣು ಪರೀಕ್ಷೆ ಮಾಡುವವರ ನಂಬರ್ ಕೊಡುತ್ತೇನೆ. ಅವರು ಮ್ಯಾಪ್ ಬೇಕಾದವರನ್ನು ನನ್ನ ಹತ್ತಿರ ಕಳಿಸುತ್ತಾರೆ. ನಮ್ಮಲ್ಲಿ ಕಮಿಷನ್ ಇಲ್ಲ. ಕಮಿಷನ್ ಬಂದ ದಿನ ಆ ನಂಬರಿಗೆ ಬೆಲೆ ಇರುವುದಿಲ್ಲ.

ಅದಕ್ಕೆ ನನ್ನ ಉತ್ತರ, ಹುಳದಲ್ಲೇ ಇರಿ. ಉಳಿದದ್ದಕ್ಕೆ ಒಳ್ಳೆಯವರ ನಂಬರ್ ಇಟ್ಟುಕೊಳ್ಳಿ.

---

ನಾಪೋಕ್ಲು ಬೆಳೆಗಾರ್ತಿ

ನೀವೆಲ್ಲ ಸಲಹೆ ಕೊಡುವ ಕಡೆಯಿಂದ ಮಾತಾಡಿದ್ದೀರಿ. ನಾನು ಸಲಹೆ ತೆಗೆದುಕೊಳ್ಳುವ ಕಡೆಯವಳು. 42 ಎಕರೆ, ಹೆಚ್ಚಿನದು ರೊಬಸ್ಟಾ, ಮರಕ್ಕೆಲ್ಲ ಮೆಣಸು. ಮಾವ ತೀರಿಕೊಂಡ ಮೇಲೆ ಒಂಬತ್ತು ವರ್ಷದಿಂದ ನಾನೇ ನೋಡಿಕೊಳ್ಳುತ್ತಿದ್ದೇನೆ.

ಕುಶಾಲನಗರದವರು ನಂಬರ್ ಕೊಟ್ಟರೆ ಸಾಕು ಎಂದರು. ನನ್ನ ಹತ್ತಿರ ನಂಬರ್‌ಗಳಿಗೆ ಕೊರತೆ ಇಲ್ಲ ತಮ್ಮಾ. ಹೋದ ವರ್ಷ ಫೆಬ್ರವರಿಯಲ್ಲಿ ಏನಾಯಿತು ಹೇಳುತ್ತೇನೆ.

ನೀರಾವರಿ ನೋಡುವವರು ಬಂದರು. ಮೊಗ್ಗು ಸರಿಯಾಗಿ ಬಲಿತಿದೆ, ಇಪ್ಪತ್ತನೇ ತಾರೀಕಿನ ಒಳಗೆ ಸ್ಪ್ರಿಂಕ್ಲರ್ ಬಿಡಿ, ತಡ ಮಾಡಬೇಡಿ ಎಂದರು. ಮೆಣಸಿನವರು ಬಂದರು. ಕಾಳು ಹಣ್ಣಾಗುತ್ತಿದೆ, ಮೊದಲು ಮೆಣಸು ಇಳಿಸಿ, ಉದುರಿದರೆ ನಷ್ಟ ಎಂದರು. ಕಾಫಿಯವರು ಬಂದು ಕೆಳಗಿನ ಬ್ಲಾಕಿನಲ್ಲಿ ಹಣ್ಣು ಇನ್ನೂ ಗಿಡದಲ್ಲಿದೆ, ಅದನ್ನು ಕೊಯ್ಯದೆ ನೀರು ಬಿಟ್ಟರೆ ಹೂವು ಹಣ್ಣು ಎರಡೂ ಒಂದೇ ಗಿಡದಲ್ಲಿ ಆಗುತ್ತದೆ, ಹಾಗೆ ಮಾಡಬೇಡಿ ಎಂದರು. ಮೂವರೂ ಹೇಳಿದ್ದು ಸರಿ. ಮೂವರಿಗೂ ದುಡ್ಡು ಕೊಟ್ಟೆ. ಆದರೆ ಆ ಮೂರೂ ಕೆಲಸಕ್ಕೆ ನನ್ನ ಹತ್ತಿರ ಇದ್ದದ್ದು ಅದೇ 11 ಆಳು. ಮೂವರಲ್ಲಿ ಒಬ್ಬರೂ "ಆಳುಗಳ ಲೈನ್ ಮನೆಯಲ್ಲಿ ಈಗ ಎಷ್ಟು ಜನ ಇದ್ದಾರೆ" ಎಂದು ಕೇಳಲಿಲ್ಲ. ಪೈಪು ಹೊರುವವರು, ಏಣಿ ಹತ್ತುವವರು, ಹಣ್ಣು ಕೊಯ್ಯುವವರು ಎಲ್ಲ ಅವರೇ ಅಲ್ವಾ?

ಆ ರಾತ್ರಿ ಅಡುಗೆ ಮನೆ ಮೇಜಿನ ಮೇಲೆ ಮೂರು ಚೀಟಿ ಇಟ್ಟುಕೊಂಡು ಕೂತಿದ್ದೆ. ಯಾವುದನ್ನು ಬಿಡಬೇಕು ಎಂದು ಹೇಳುವವರು ನನಗೆ ಬೇಕಿತ್ತು. ಕೊನೆಗೆ ನಾನೇ ಕೆಳಗಿನ ಬ್ಲಾಕಿನ ಹಣ್ಣು ಮೊದಲು ಕೊಯ್ಸಿದೆ, ನೀರು ಎಂಟು ದಿನ ತಡವಾಯಿತು, ಮೇಲಿನ ಮೆಣಸು ಸ್ವಲ್ಪ ಉದುರಿತು. ಅದು ಸರಿಯಾ ತಪ್ಪಾ ಎಂದು ಇವತ್ತಿಗೂ ಒಬ್ಬರೂ ನನಗೆ ಹೇಳಿಲ್ಲ.

ಹಾಗಾದರೆ ಎಲ್ಲ ನೋಡುವವರಿಗೆ ನಾನು ದುಡ್ಡು ಕೊಡುತ್ತೇನಾ? ಸತ್ಯ ಹೇಳಬೇಕು. ಹುಳಕ್ಕೋ ರೋಗಕ್ಕೋ ಬಂದವರು ಒಂದು ಭೇಟಿಗೆ 4,000 ಎಂದರೆ ಮಾತಿಲ್ಲದೆ ಕೊಟ್ಟಿದ್ದೇನೆ. ಇಡೀ ವರ್ಷ ನೋಡಿಕೊಳ್ಳುತ್ತೇನೆ ಎಂದು ಬಂದ ಒಬ್ಬರ ಹತ್ತಿರ ಚೌಕಾಶಿ ಮಾಡಿ, ಕೊನೆಗೆ ಬೇಡ ಎಂದೆ. ಅದು ನನ್ನ ತಪ್ಪೇ ಇರಬಹುದು. ಆದರೆ ಬೆಳೆಗಾರರು ಹೀಗೆಯೇ ಯೋಚಿಸುವುದು, ನೀವು ಅದನ್ನು ತಿಳಿದುಕೊಂಡಿರಬೇಕು. ಗಿಡ ಸಾಯುವಾಗ ದುಡ್ಡು ಸುಲಭವಾಗಿ ಹೊರಗೆ ಬರುತ್ತದೆ.

ಇನ್ನು ಆ 160 ಬಳ್ಳಿ. ಅದನ್ನು ಓದಿ ನನಗೆ ಸಂಕಟ ಆಯಿತು. ನಿಮಗೆ ಮೆಣಸು ಗೊತ್ತಿಲ್ಲ ಎಂದು ಆ ಮಾಲೀಕರಿಗೆ ಬೇಜಾರಾಗಿರಲಿಕ್ಕಿಲ್ಲ. ನೋಡಿಯೂ ಹೇಳಲಿಲ್ಲವಲ್ಲ ಎಂದು ಆಗಿರುತ್ತದೆ. "ಈ ಬಳ್ಳಿ ಯಾಕೋ ಸರಿ ಕಾಣ್ತಿಲ್ಲ, ಅಪ್ಪಂಗಳದಲ್ಲಿ ಒಮ್ಮೆ ಕೇಳಿ" ಎಂದಿದ್ದರೆ ಸಾಕಿತ್ತು. ಜೂನ್ ಕೊನೆಯಲ್ಲಿ ಮಳೆ ಒಂದು ದಿನ ಬಿಟ್ಟಾಗ ಬೋರ್ಡೋ ದ್ರಾವಣ ಹೊಡೆಸಿದ್ದರೆ ಎಷ್ಟೋ ಬಳ್ಳಿ ಉಳಿಯುತ್ತಿತ್ತು. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಇದು ನಮ್ಮ ರೈಟರ್‌ಗೂ ಗೊತ್ತು. ಮರ ಕಪಾತು ಬೇಡ ಎಂದು ಹೇಳಿದವರು ನೀವೇ ಆದ ಮೇಲೆ, ಆ ನೆರಳಿನ ಕೆಳಗೆ ಏನೇನು ಇದೆ ಎಂದು ನೋಡುವುದೂ ನಿಮ್ಮ ಕೆಲಸವೇ. ಬೇಜಾರು ಮಾಡಿಕೊಳ್ಳಬೇಡಿ, ನನ್ನ ತಮ್ಮನಿಗೆ ಹೇಳಿದ ಹಾಗೆ ಹೇಳುತ್ತಿದ್ದೇನೆ.

---

ಮಾದಾಪುರದವನು

ಅಕ್ಕ, ಬೇಜಾರಿಲ್ಲ. ನಿಮ್ಮ ಉತ್ತರವನ್ನು ಅಮ್ಮನಿಗೂ ಓದಿ ಹೇಳಿದೆ. ಮೂರು ಚೀಟಿಯ ಮಾತು ಎರಡು ದಿನದಿಂದ ತಲೆಯಲ್ಲೇ ಇದೆ. ನಾನು ಬರೆದುಕೊಟ್ಟ ಚೀಟಿಗಳೂ ಎಷ್ಟೋ ಮನೆಯಲ್ಲಿ ಹಾಗೆ ಮೇಜಿನ ಮೇಲೆ ಬಿದ್ದಿರಬಹುದು. ಮಾರ್ಚ್‌ನಲ್ಲಿ ಟ್ರೇಸಿಂಗ್ ಮಾಡಿ ಎಂದು ಬರೆಯುವಾಗ, ಅದೇ ತಿಂಗಳು ಅವರಿಗೆ ಮೆಣಸಿನ ಕೊಯ್ಲು ಇದೆಯಾ ಎಂದು ನಾನು ಒಮ್ಮೆಯೂ ಕೇಳಿಲ್ಲ.

ನಾನು ಯೋಚಿಸಿದ್ದು ಹೀಗೆ. ವರ್ಷದ ಪ್ಯಾಕೇಜ್ ಮಾಡುವುದಿಲ್ಲ. ಮೋಟಾರ್, ಬೆಣ್ಣೆಹಣ್ಣು, ಮ್ಯಾಪ್ ಯಾವುದಕ್ಕೂ ಕೈ ಹಾಕುವುದಿಲ್ಲ. ಕುಶಾಲನಗರದ ಗೆಳೆಯರೇ, ನಿಮ್ಮ ನಂಬರ್ ಮೆಸೇಜ್ ಮಾಡಿ, ಮೂವರು ಕೇಳಿದ್ದಾರೆ. ಹುಳದಲ್ಲೇ ಇರುತ್ತೇನೆ, ಆದರೆ ರೊಬಸ್ಟಾದ ಹುಳ ಪೂರ್ತಿ ಕಲಿಯುತ್ತೇನೆ. ಅರೇಬಿಕಾ ತೆಗೆದ ಆ ನಾಲ್ಕು ತೋಟದಲ್ಲಿ ಈ ವರ್ಷ ಫೀಸು ಇಲ್ಲದೆ ಕಾಯಿ ಕೊರಕದ ಲೆಕ್ಕ ಮಾಡಿಕೊಡುತ್ತೇನೆ ಎಂದು ನಿನ್ನೆ ಫೋನ್ ಮಾಡಿದೆ. ಇಬ್ಬರು ಬನ್ನಿ ಎಂದರು. ಒಬ್ಬರು ನೋಡೋಣ ಎಂದರು. ಇನ್ನೊಬ್ಬರು ಫೋನ್ ತೆಗೆಯಲಿಲ್ಲ.

ಮೆಣಸನ್ನು ಮಾತ್ರ ಬಿಡಲು ಆಗುವುದಿಲ್ಲ. ಅದಕ್ಕೆ ಸಲಹೆ ಕೊಡುವಷ್ಟು ಆಗದಿದ್ದರೂ, ಬಂದ ರೋಗ ಗುರುತಿಸುವಷ್ಟಾದರೂ ಈ ಮಳೆಗಾಲದಲ್ಲಿ ಕಲಿಯಬೇಕು. ಮತ್ತೆ ನನ್ನ ರಿಪೋರ್ಟಿಗೆ ಕೊನೆಯಲ್ಲಿ ಒಂದು ಪುಟ ಸೇರಿಸಿದ್ದೇನೆ. 'ದಾರಿಯಲ್ಲಿ ಕಂಡದ್ದು' ಎಂದು ಹೆಸರು. ಹುಳಕ್ಕೆ ಸಂಬಂಧ ಇಲ್ಲದ್ದು ಏನೇ ಕಣ್ಣಿಗೆ ಬಿದ್ದರೂ ಅದರಲ್ಲಿ ಬರೆಯುವುದು, ಯಾರನ್ನು ಕೇಳಬೇಕು ಎಂದೂ ಬರೆಯುವುದು. ಮೊದಲ ಪುಟದಲ್ಲಿ ಆಳು ಎಷ್ಟು ಎಂದು ಕೇಳುವ ಒಂದು ಸಾಲು.

ಇವತ್ತು ಬೆಳಿಗ್ಗೆ ಆ 160 ಬಳ್ಳಿಯ ತೋಟಕ್ಕೆ ಹೋಗಿದ್ದೆ. ಆ ಬ್ಲಾಕಿನಲ್ಲಿ ಮಾಲೀಕರಿಗೆ ಹೇಳಿದೆ, ಆವತ್ತು ಚುಕ್ಕೆ ನೋಡಿದ್ದೆ, ಹೇಳಬೇಕಿತ್ತು, ಹೇಳಲಿಲ್ಲ ಎಂದು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೊಸದಾಗಿ ನೆಟ್ಟ ಬಳ್ಳಿ ತೋರಿಸಿ, ಇದರ ಎಲೆ ಯಾಕೆ ಹಳದಿ ಆಗಿದೆ ನೋಡಿ ಎಂದರು. ನನಗೆ ಗೊತ್ತಾಗಲಿಲ್ಲ. ಬೇರು ಸಮೇತ ಒಂದು ಬಳ್ಳಿ ಕವರಿನಲ್ಲಿ ಹಾಕಿ ತಂದಿದ್ದೇನೆ, ನಾಳೆ ಅಪ್ಪಂಗಳಕ್ಕೆ ಹೋಗುತ್ತೇನೆ.

ಪಾಲಿಬೆಟ್ಟದ ಅಣ್ಣ, ಜೂನ್‌ನಲ್ಲಿ ನಿಮ್ಮ ಕಡೆ ಬಂದು ನಾಲ್ಕು ದಿನ ನಿಮ್ಮ ಜೊತೆ ರೊಬಸ್ಟಾ ತೋಟ ಸುತ್ತಬಹುದಾ? ಶಾಟ್ ಹೋಲ್ ಬೋರರ್ ನಾನು ಪುಸ್ತಕದಲ್ಲಿ ನೋಡಿದ್ದೇ ಜಾಸ್ತಿ.

---

ಪಾಲಿಬೆಟ್ಟ ಹಳಬ

ಬಾ ತಮ್ಮಾ, ಖಂಡಿತ ಬಾ. ಜೂನ್ ಬೇಡ, ಮಳೆಯಲ್ಲಿ ಏನೂ ಸರಿಯಾಗಿ ಕಾಣುವುದಿಲ್ಲ. ಸೆಪ್ಟೆಂಬರ್‌ನಲ್ಲಿ ಕೈಲ್ ಮುಹೂರ್ತ ಹಬ್ಬ ಮುಗಿದ ವಾರ ಬಾ. ಆಗ ಹಸಿರು ಗಿಡದ ನಡುವೆ ಒಣಗಿದ ಎಳೆ ಕೊಂಬೆ ದೂರದಿಂದಲೇ ಎದ್ದು ಕಾಣುತ್ತದೆ. ಕೊಂಬೆಯ ಕೆಳಭಾಗ ತಿರುಗಿಸಿ ನೋಡಿದರೆ ತೂತು ಸಿಗುತ್ತದೆ. ನಮ್ಮ ಮನೆಯಲ್ಲೇ ಉಳಿದುಕೋ. ನಿನ್ನ ಹಳೇ ಲೆಕ್ಕದ ಪುಸ್ತಕಗಳನ್ನೂ ತಾ, ನನಗೆ ನೋಡಬೇಕು.